ಇತರೆ

ದೇವಸೂಗೂರಿನ ಬಸ್ ನಿಲ್ಲುವಲ್ಲಿ
ನನ್ನದೊಂದು ಅರ್ಜಿ ತುಂಬುವ ಅಂಗಡಿ.
ಒಂದು ಕಂಪ್ಯೂಟರು, ಒಂದು ಝೆರಾಕ್ಸು, ಅಂಟಿನ ಬಾಟಲಿ,
ಕಿಟಕಿಯ ತುಂಬ ಶಕ್ತಿನಗರದ ಚಿಮಣಿಗಳು.
ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ
ಮಧ್ಯಾಹ್ನಕ್ಕೆ ಬೂದಿಯಲ್ಲಿ ಹೆಸರು ಬರೆಯಬಹುದು.
ಬರೆಯುತ್ತೇನೆ, ಒರೆಸುತ್ತೇನೆ.

ಏಪ್ರಿಲಿನ ಒಂದು ಮಂಗಳವಾರ ಜುಲೇಖಾಬಿ ಬಂದಳು,
ಕಂಕುಳಲ್ಲಿ ಹಳೆ ಸೀರೆ ಸುತ್ತಿದ ಎಂಥದೋ ಗಂಟು.
ಬಿಚ್ಚಿದರೆ ಸೀಲಿಂಗ್ ಫ್ಯಾನು,
ರೆಕ್ಕೆ ಮಡಚಲು ಬಾರದೆ ದಣಿದ ಹಕ್ಕಿ.
"ಹಳೇದು ಕೊಟ್ರ ಹೊಸಾದು ಅರ್ಧ ರೇಟಿಗಂತಲ್ಲವ್ವಾ,
ಕರೆಂಟು ಕಮ್ಮಿ ಕುಡಿಯೋದು.
ಮ್ಯಾಲಿನ ಬಿಸಿಲ ಹಲಗಿಗೂ ಸರ್ಕಾರ ರೊಕ್ಕ ಹಾಕ್ತದಂತ.
ಎರಡೂ ಬರಿ."

ಬರೆದೆ. ಹೆಸರು. ಆಧಾರ್. ಮೀಟರ್ ನಂಬರು.
ವರ್ಷದ ಬಿಲ್ಲುಗಳನ್ನು ಅಕ್ಕಿ ಡಬ್ಬಿಯಿಂದ ತಂದಿದ್ದಳು,
ಮಡಿಕೆ ಬಿಚ್ಚಿದರೆ ನುಚ್ಚು ಉದುರಿತು.
ಇಪ್ಪತ್ತಮೂರು ಯೂನಿಟ್. ಇಪ್ಪತ್ತೊಂದು. ಮೂವತ್ತಾರು.
"ಅದು ತಂಗಿ ಬಾಣಂತನಕ್ಕ ಬಂದಿದ್ದ ತಿಂಗಳು,
ರಾತ್ರಿಯೆಲ್ಲಾ ಬಲ್ಬು" ಅಂದಳು, ತಪ್ಪೊಪ್ಪಿಕೊಂಡಂತೆ.

ಕಾಲೊನಿಯ ದೊಡ್ಡ ಮನೆಯವರ ಬಿಲ್ಲು ನನಗೆ ಬಾಯಿಪಾಠ:
ಎರಡು ಎಸಿ, ಒಂದು ಗೀಸರು,
ನಾಯಿಗೂ ಒಂದು ಟೇಬಲ್ ಫ್ಯಾನು.
ಅವರದು ಹೋದ ವಾರವೇ ಪಾಸಾಯಿತು.
ಸುಟ್ಟವನಿಗೆ ಉಳಿಸಿದ್ದು ತೋರಿಸಲು ಬರುತ್ತದೆ,
ಮೊದಲಿಗೇ ಸುಡದವಳು ಏನು ತೋರಿಸಬೇಕು?

ಮೇಲ್ಛಾವಣಿಯ ವಿಧ:
ಆರ್‌ಸಿಸಿ, ಶೀಟು, ಹೆಂಚು, ಇತರೆ.
"ಮಾಳಿಗಿ" ಅಂದಳು. "ನಮ್ಮತ್ತಿ ಕಾಲದ್ದು.
ತೊಲಿ, ಜಂತಿ, ಮ್ಯಾಲೆ ಬೇವಿನ ತಪ್ಪಲ, ಅದರ ಮ್ಯಾಲೆ ಹಾಳುಮಣ್ಣು."
ಇತರೆ ಒತ್ತಿದೆ.
ಪರದೆ ಕೆಂಪಾಯಿತು. ಅರ್ಹರಲ್ಲ.
"ಇತರೆ ಅಂದ್ರ ಯಾರವ್ವಾ?"
ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.
ಕಿಟಕಿಯಾಚೆ ಚಿಮಣಿಗಳು ದುಡಿಯುತ್ತಲೇ ಇದ್ದವು,
ಯಾವ ಊರಿಗೋ.

ಫ್ಯಾನಿನ ಅರ್ಜಿ ಉಳಿದಿತ್ತು. ಅದಕ್ಕೆ ಮನೆಯ ಫೋಟೋ ಬೇಕಂತೆ.
ಮಟಮಟ ಮಧ್ಯಾಹ್ನ, ನದಿಯ ಕಡೆಯ ಓಣಿ,
ಹೊಸ್ತಿಲು ದಾಟಿದರೆ ಬೇರೆ ತಿಂಗಳು.
ಬಾವಿಯೊಳಗಿನಂಥ ತಂಪು, ಗೋಡೆಗೆ ಬೆನ್ನು ಕೊಟ್ಟೆ.
ಬೆಳಕಿಂಡಿಯಿಂದ ಒಂದು ತಟ್ಟೆಯಷ್ಟು ಬಿಸಿಲು
ನೆಲದ ಮೇಲೆ ಬಿದ್ದಿತ್ತು, ಅದರೊಳಗೆ ಅವಳ ಕೌದಿ, ಸೂಜಿ.
ಬಿಸಿಲು ಸರಿದಂತೆ ಅವಳೂ ಸರಿಯುತ್ತಾಳೆ,
ಕೌದಿಯನ್ನು ಎಳೆದುಕೊಂಡು,
ಹೊಲಿಗೆ ಮುಗಿಯುವುದು ಬೀಸುಕಲ್ಲಿನ ಹತ್ತಿರ.
ಫೋಟೋದಲ್ಲಿ ಏನೂ ಬೀಳಲಿಲ್ಲ. ಕತ್ತಲು, ಒಂದು ಬಿಳಿ ಚುಕ್ಕೆ.

"ನಿಮ್ಮ ಮನಿ ಮ್ಯಾಲೆ ಏನದ?" ಅಂತ ಕೇಳಿದಳು.
ಸಿಮೆಂಟು ಅಂದೆ. ಕೂಲರು ಇದ್ದರೂ
ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ರೊಟ್ಟಿಯ ಹಂಚು ಅಂದೆ.
ಭಾನುವಾರ ನಸುಕಿಗೇ ಬಂದಳು,
ಬಕೀಟಿನಲ್ಲಿ ಕಲಸಿದ ಸುಣ್ಣ, ಅದಕ್ಕೊಂದು ಹಿಡಿ ಉಪ್ಪು,
ಈಚಲ ಪೊರಕೆ ಎರಡು.
ಬಿಸಿಲು ಏರುವುದರೊಳಗೆ ಮಹಡಿ ಬೆಳ್ಳಗಾಯಿತು,
ನಮ್ಮಿಬ್ಬರ ಮೊಣಕೈ ತನಕವೂ.
ರೊಕ್ಕ ಕೊಡಲು ಹೋದೆ.
"ಅರ್ಜಿ ಫೀಸು ಮೂವತ್ತು ರುಪಾಯಿ ಬಿಡು, ಸಾಕು."
ಸೋಮವಾರ ಕೀಬೋರ್ಡಿನ ಮೇಲೆಲ್ಲ ನನ್ನ ಬೆರಳ ಬಿಳಿ ಗುರುತು,
ಉಗುರ ಸಂದಿಯ ಸುಣ್ಣ ನಾಲ್ಕು ದಿನ ಹೋಗಲಿಲ್ಲ.
ಕೂಲರು ಈಗ ಹತ್ತಕ್ಕೇ ಆರಿಸುತ್ತೇನೆ.

ಫ್ಯಾನು ಮಾತ್ರ ಪಾಸಾಯಿತು, ಜೂನಿನಲ್ಲಿ.
"ತಿರುಗಿದ್ದೇ ಕೇಳಂಗಿಲ್ಲ" ಅಂತ ದೂರು ತಂದಳು.
"ಆ ಗರಗರ ಇಲ್ದ ನಿದ್ದಿ ಬರವಲ್ದು ನೋಡು."

ಹಳೆಯದನ್ನು ಒಯ್ಯಬೇಕಾದ ಗಾಡಿ ಇನ್ನೂ ಬಂದಿಲ್ಲ,
ಅಂಗಡಿಯ ಮೂಲೆಯಲ್ಲಿದೆ, ರೆಕ್ಕೆಗಳ ಮೇಲೆ ಬೂದಿ.
ಸಂತೆಗೆ ಹೋಗುವಾಗ ಜುಲೇಖಾಬಿ ಒಳಬಂದು
ಸೆರಗಿನಿಂದ ಅದನ್ನೊಮ್ಮೆ ಒರೆಸಿ ಹೋಗುತ್ತಾಳೆ.